ಬಿಡುತ್ತೇನೆಂದು ಬರೆದವರ ಪಟ್ಟಿ

ನಾನು ಕೆಲಸ ಮಾಡುವುದು ಘಣಸೋಲಿಯ ಒಂದು ಕಂಪನಿಯಲ್ಲಿ. ಆಸ್ಪತ್ರೆಯ ಬಿಲ್ಲುಗಳನ್ನು ನೋಡಿ, ವಿಮೆಯ ಹಣ ಕೊಡಬಹುದೋ ಬೇಡವೋ ಎಂದು ಹೇಳುವುದು ಅಲ್ಲಿನ ಕೆಲಸ. ನನ್ನ ಪಾಲಿಗೆ ಬಂದದ್ದು ಬಿಲ್ಲುಗಳಲ್ಲ, ಅವನ್ನು ನೋಡುವ ಜನ. ಎಚ್‌ಆರ್. ಮದುವೆಯಾಗಿ ಮೈಸೂರಿನಿಂದ ಡೊಂಬಿವಲಿಗೆ ಬಂದ ಎರಡನೇ ವರ್ಷ ಸೇರಿದೆ. ಮಗಳು ಈಗ ಕಾಲೇಜಿಗೆ ಬಂದಿದ್ದಾಳೆ, ನಾನು ಇನ್ನೂ ಅಲ್ಲೇ ಇದ್ದೇನೆ.

ಜನ ಕೆಲಸ ಬಿಟ್ಟುಹೋಗುವುದಕ್ಕೆ ನಮ್ಮಲ್ಲಿ ಅಟ್ರಿಶನ್ ಅನ್ನುತ್ತಾರೆ. ಪ್ರತಿ ತಿಂಗಳೂ ಅದರ ಚಾರ್ಟು ಹಾಕಿ ಬಾಸಿಗೆ ಕಳಿಸುವವಳು ನಾನು. ಎಷ್ಟು ಜನ ಹೋದರು ಅಂತ ಹೇಳುವುದು ಸುಲಭ. ಯಾರು ಹೋಗುತ್ತಾರೆ ಅಂತ ಮುಂಚೆ ಹೇಳುವುದು ಕಷ್ಟ. ಬಾಸಿಗೆ ಬೇಕಾಗಿದ್ದು ಆ ಎರಡನೆಯದು.

ನಮ್ಮಲ್ಲಿ ಬಿಡುತ್ತೇನೆ ಅನ್ನದ ಮನುಷ್ಯರೇ ಇರಲಿಲ್ಲ. ಲಿಫ್ಟಿನಲ್ಲಿ, ಕ್ಯಾಂಟೀನಿನಲ್ಲಿ, ಮಳೆಗೆ ಲೋಕಲ್ ರೈಲುಗಾಡಿ ನಿಂತು ಠಾಣೆ ಪ್ಲಾಟ್‌ಫಾರ್ಮಿನಲ್ಲಿ ಒದ್ದೆಯಾಗಿ ನಿಂತಾಗ, ಎಲ್ಲರೂ ಹೇಳುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಹೇಳುತ್ತಿದ್ದವರು ಒಬ್ಬರಿದ್ದರು. ಉಡುಪಿ ಕಡೆಯವರು, ಐವತ್ತು ದಾಟಿದ್ದರು. ಟಿಟ್ವಾಳಾದಲ್ಲಿ ಮನೆ. ಆಫೀಸಿನಲ್ಲಿ ಎಲ್ಲರಿಗೂ ಅವರು ಸರ್, ನಾನು ಮಾತ್ರ ಅಣ್ಣ ಅನ್ನುತ್ತಿದ್ದೆ. ಠಾಣೆಯಲ್ಲಿ ಗಾಡಿ ಬದಲಿಸುವಾಗ ಒಂದು ದಿನ ಫೋನಿನಲ್ಲಿ ತುಳು ಮಾತಾಡುತ್ತಿದ್ದರು. ಕಂಪನಿಯ ಬ್ಯಾಡ್ಜ್ ನೋಡಿ ನಾನು ಕನ್ನಡದಲ್ಲಿ ಮಾತಾಡಿಸಿದೆ, ಅವರು ಕನ್ನಡದಲ್ಲಿ ಉತ್ತರಿಸಿದರು. ಅಲ್ಲಿಂದ ಮುಂದೆ ಎಷ್ಟೋ ವರ್ಷ ಘಣಸೋಲಿ ಸ್ಟೇಷನ್ನಿನಿಂದ ಆಫೀಸಿನವರೆಗೆ ಜೊತೆಗೇ ನಡೆದಿದ್ದೇವೆ.

"ಮೇಡಂ, ಬರುವ ತಿಂಗಳು ರಾಜೀನಾಮೆ ಪೇಪರ್ ಹಾಕಿಬಿಡ್ತೇನೆ. ಸಾಕಾಯ್ತು ಮಾರಾಯ್ರೆ," ಅನ್ನುವುದು ಅವರ ದಿನದ ಮೊದಲ ಮಾತು.

"ಹೋದ ತಿಂಗಳೂ ಹಾಕ್ತೀನಿ ಅಂದಿದ್ರಿ."

"ಹೋದ ತಿಂಗಳು ಆಗ್ಲಿಲ್ಲ. ಒಂದು ಕೇಸ್ ಬಾಕಿ ಇತ್ತು."

ಅವರಿಗೆ ಯಾವಾಗಲೂ ಒಂದು ಕೇಸ್ ಬಾಕಿ ಇರುತ್ತಿತ್ತು. ಎಂಥ ಡಾಕ್ಟರರ ಅಕ್ಷರವನ್ನೂ ಓದುತ್ತಿದ್ದರು. ಪಕ್ಕದ ಟೀಮಿನ ಹುಡುಗಿಯರು ಚೀಟಿ ಹಿಡಿದುಕೊಂಡು ಅವರ ಮೇಜಿನ ಹತ್ತಿರ ಸಾಲು ನಿಲ್ಲುತ್ತಿದ್ದರು. ಒಮ್ಮೆ ಕಲ್ಯಾಣದ ಒಬ್ಬ ಅಜ್ಜಿಯ ಕ್ಲೇಮನ್ನು ಕಂಪ್ಯೂಟರ್ ತಿರಸ್ಕರಿಸಿತ್ತು. ಬಿಲ್ಲಿನಲ್ಲಿ ಆಸ್ಪತ್ರೆ ಸೇರಿದ ದಿನಕ್ಕಿಂತ ಮನೆಗೆ ಹೋದ ದಿನ ಮುಂಚೆ ಬಿದ್ದಿತ್ತು. ಇವರು ಅದನ್ನು ಹಾಗೇ ಬಿಡಬಹುದಿತ್ತು, ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. "ಸೇರುವ ಮೊದಲೇ ಗುಣ ಆಗಿ ಮನೆಗೆ ಹೋಗಿದ್ದಾರಂತೆ, ಪುಣ್ಯವಂತೆ," ಎಂದು ನಗುತ್ತಾ ಆಸ್ಪತ್ರೆಗೆ ಫೋನ್ ಹಚ್ಚಿದರು. ಮರಾಠಿಯಲ್ಲಿ ಅಲ್ಲಿಯ ಗುಮಾಸ್ತನಿಗೆ ಅಕ್ಕರೆಯಿಂದ ಬೈದು, ಸರಿಯಾದ ತಾರೀಕು ತರಿಸಿಕೊಂಡು, ಮೂರು ದಿನ ಹಿಂದೆ ಬಿದ್ದು ಆ ಕ್ಲೇಮ್ ಪಾಸು ಮಾಡಿಸಿದರು. ಅದಾದ ಮರುದಿನ ಬೆಳಿಗ್ಗೆಯೂ ಅದೇ ಮಾತು: "ಇನ್ನು ಆಗುವುದಿಲ್ಲ ಮೇಡಂ. ಪೇಪರ್ ಹಾಕ್ತೇನೆ."

ಇವರಿಗೆ ಪೂರ್ತಿ ವಿರುದ್ಧವಾಗಿ ಒಬ್ಬ ಹುಡುಗಿಯಿದ್ದಳು. ನೆರೂಳಿನವಳು. ಅಪ್ಪ ಅಮ್ಮ ಹಾಸನ ಕಡೆಯವರು, ಇವಳು ಹುಟ್ಟಿದ್ದು ಬೆಳೆದದ್ದು ಇಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಿದ್ದಳು. ವರ್ಷಕ್ಕೊಮ್ಮೆ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಹೇಗಿದ್ದೀರಿ, ಏನು ತೊಂದರೆ ಎಂದು ಕೇಳುವುದು ನನ್ನ ಕೆಲಸ. ಅವಳನ್ನೂ ಕೇಳಿದೆ. "ಸಬ್ ಠೀಕ್ ಹೈ, ಮ್ಯಾಮ್," ಅಂದಳು. ಇಲ್ಲೇ ಬೆಳೆಯುವ ಆಸೆ ಇದೆ ಅಂದಳು. ಇವಳು ಇರುತ್ತಾಳೆ ಎಂದು ನಾನು ಅವಳ ಹೆಸರಿನ ಮುಂದೆ ಹಸಿರು ಬಣ್ಣ ತುಂಬಿದೆ. ಅದಾದ ಮೂರನೇ ವಾರ ರಾಜೀನಾಮೆ ಕಳಿಸಿದಳು. ಅವಳ ಹಿಂದೆಯೇ ಅದೇ ಟೀಮಿನ ಇನ್ನಿಬ್ಬರು ಹೋದರು. ಅವರಿಬ್ಬರದೂ ಹಸಿರೇ.

ಬಾಸ್ ನನ್ನನ್ನು ಒಳಗೆ ಕರೆದರು. ಪುಣೆಯವರು, ನನಗಿಂತ ಚಿಕ್ಕವರು, ದನಿ ಎತ್ತಿ ಮಾತಾಡಿದವರಲ್ಲ. ಆವತ್ತೂ ಹಿಂದಿಯಲ್ಲಿ ಮೆಲ್ಲಗೇ ಹೇಳಿದರು. "ಹೋಗ್ತೀನಿ ಅಂದವರು ಹೋಗಲ್ಲ. ಇರ್ತೀನಿ ಅಂದವರು ಹೋಗ್ತಾರೆ. ಹಾಗಾದರೆ ನಾವು ಕೇಳೋದು ಯಾತಕ್ಕೆ?"

ಎದುರಿಗೆ ಕೂತು ಕೇಳಿದರೆ ಜನ ನಿಜ ಹೇಳುವುದಿಲ್ಲ, ಬರೆದು ಕೊಡಲು ಹೇಳೋಣ, ಹೆಸರು ಗುಟ್ಟಾಗಿಡುತ್ತೇವೆ ಅನ್ನೋಣ, ಎಂದೆ. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಹೇಳಿದ್ದೆ. ಅವರಿಗೆ ಹಿಡಿಸಿತು. ಫಾರ್ಮನ್ನೂ ನಾನೇ ಮಾಡಿದೆ. ಕೊನೆಯ ಪ್ರಶ್ನೆ, ಮುಂದಿನ ಆರು ತಿಂಗಳಲ್ಲಿ ಕೆಲಸ ಬಿಡುವ ಯೋಚನೆ ಇದೆಯೇ? ಒಂದರಿಂದ ಐದರವರೆಗೆ ಗುರುತು ಹಾಕಿ, ಕೆಳಗೆ ಕಾರಣ ಬರೆಯಬೇಕು. ಐದು ಅಂದರೆ ಖಂಡಿತ ಬಿಡುತ್ತೇನೆ. ಹೆಸರಿನ ಜಾಗದಲ್ಲಿ ಒಂದು ನಂಬರು. ಯಾವ ನಂಬರು ಯಾರದ್ದು ಎಂಬ ಹಾಳೆ ನನ್ನ ಹತ್ತಿರ ಮಾತ್ರ.

ಅಣ್ಣನನ್ನು ಆ ಹೊತ್ತಿಗೆ ಬೆಳಗಿನ ಶಿಫ್ಟಿಗೆ ಹಾಕಿದ್ದರು. ಏಳಕ್ಕೆ ಶುರು. ಟಿಟ್ವಾಳಾದಿಂದ ಬರುವವರು ಐದಕ್ಕೆ ಮುಂಚೆಯೇ ಮನೆ ಬಿಡಬೇಕು. ಹೆಂಡತಿಗೆ ಸಂಧಿವಾತ, ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಬರುತ್ತಿರಲಿಲ್ಲ. ಮೊದಲೆಲ್ಲ ಇವರೇ ಬಿಸಿನೀರು ಕಾಯಿಸಿ, ಅವರ ಕೈ ಅದರಲ್ಲಿ ಇರಿಸಿ, ತಲೆ ಬಾಚಿ, ಆಮೇಲೆ ಹೊರಡುತ್ತಿದ್ದರಂತೆ. ಈಗ ಅದಕ್ಕೆ ಹೊತ್ತಿಲ್ಲ. ಶಿಫ್ಟ್ ಬದಲಿಸಿ ಎಂದು ಎರಡು ಸಲ ಕೇಳಿದ್ದರು, ಆಗಿರಲಿಲ್ಲ.

ಫಾರ್ಮ್ ಹಿಡಿದುಕೊಂಡು ನನ್ನ ಮೇಜಿಗೆ ಬಂದರು.

"ಇದು ಬರೀಬೇಕಾ ಮೇಡಂ? ನಾನು ಸುಮ್ಮನೆ ಮೂರು ಹಾಕಿ ಕೊಡ್ತೇನೆ."

"ಯಾಕಣ್ಣ? ದಿನಾ ನನ್ನ ಹತ್ತಿರ ಹೇಳ್ತೀರಲ್ಲ, ಅದನ್ನೇ ಬರೀರಿ."

"ಬಾಯಲ್ಲಿ ಹೇಳುವುದು ಬೇರೆ, ಬರೆಯುವುದು ಬೇರೆ."

"ನಿಮ್ಮ ಹೆಸರು ಎಲ್ಲೂ ಹೋಗಲ್ಲ. ನಾನಿದ್ದೀನಲ್ಲ. ಶಿಫ್ಟಿನ ವಿಷಯ ಗಟ್ಟಿಯಾಗಿ ಬರೀರಿ, ಮೇಲಿನವರಿಗೆ ಗೊತ್ತಾಗಲಿ. ಮೂರು ಹಾಕಿದರೆ ಯಾರೂ ತಿರುಗಿ ನೋಡಲ್ಲ."

ಆ ಮಾತನ್ನು ನಾನು ನಂಬಿಯೇ ಹೇಳಿದ್ದೆ. ಇವತ್ತಿಗೂ ನನಗೆ ಹೇಳಿಕೊಳ್ಳಲು ಇರುವುದು ಅದೊಂದೇ, ಆದರೆ ಅದರಿಂದ ಏನೂ ಹಗುರಾಗುವುದಿಲ್ಲ. ಅವರು ನನ್ನ ಪೆನ್ನನ್ನೇ ತೆಗೆದುಕೊಂಡು, ಅಲ್ಲೇ ನಿಂತು, ಐದಕ್ಕೆ ಗುರುತು ಹಾಕಿದರು. ಕೆಳಗೆ ಇಂಗ್ಲಿಷಿನಲ್ಲಿ, ಶಿಫ್ಟ್ ಬದಲಾಗದಿದ್ದರೆ ಮೂರು ತಿಂಗಳೊಳಗೆ ಬಿಡುತ್ತೇನೆ, ಎಂದು ಬರೆದರು. ಅವರ ಅಕ್ಷರ ಬಹಳ ದುಂಡಗೆ.

ಫಾರ್ಮುಗಳನ್ನೆಲ್ಲ ಸೇರಿಸಿ ಶಿಫ್ಟಿನ ಬಗ್ಗೆ ಒಂದು ವರದಿ ಬರೆದೆ. ಶಿಫ್ಟು ಬದಲಾದರೆ ಎಷ್ಟೋ ಜನ ಉಳಿಯುತ್ತಾರೆ ಎಂದು ಒತ್ತಿ ಹೇಳಿದ್ದೆ. ಅದಕ್ಕೆ ಉತ್ತರ ಬರಲಿಲ್ಲ.

ಎರಡು ತಿಂಗಳು ಕಳೆದಿರಬಹುದು. ಒಂದು ದೊಡ್ಡ ವಿಮಾ ಕಂಪನಿಯ ಕೆಲಸ ನಮ್ಮ ಕೈತಪ್ಪಿ ಇನ್ನೊಂದು ಊರಿಗೆ ಹೋಯಿತು. ಬಿಲ್ಲು ಓದುವುದಕ್ಕೆ ಹೊಸ ಸಾಫ್ಟ್‌ವೇರೂ ಬಂತು. ಜನ ಹೆಚ್ಚಾದರು ಎಂದು ಹೆಡ್ ಆಫೀಸಿನಿಂದ ಸುದ್ದಿ. ಬಾಸ್ ಮತ್ತೆ ಒಳಗೆ ಕರೆದರು.

"ಐದು ಹಾಕಿದವರ ಹೆಸರು ಬೇಕು."

"ಹೆಸರು ಕೊಡಲ್ಲ ಅಂತ ಹೇಳಿದ್ದೀವಿ ಸರ್."

"ಯಾರಿಗೂ ಅನ್ಯಾಯ ಮಾಡ್ತಿಲ್ಲ. ಯಾರನ್ನಾದರೂ ಕಳಿಸಲೇಬೇಕು. ಇರಬೇಕು ಅನ್ನೋರನ್ನ ಕಳಿಸೋದಕ್ಕಿಂತ ಹೋಗಬೇಕು ಅನ್ನೋರನ್ನ ಕಳಿಸೋದು ಒಳ್ಳೇದಲ್ವಾ? ನೀವೇ ಹೇಳಿ."

ನಾನೇ ಹೇಳಬೇಕಿತ್ತು. ಐದು ಅಂದರೆ ಹೋಗಬೇಕು ಅಂತಲ್ಲ, ಅಣ್ಣ ಎಷ್ಟೋ ವರ್ಷದಿಂದ ಇದನ್ನೇ ಹೇಳಿಕೊಂಡು ಒಂದು ದಿನವೂ ರಜೆ ಹಾಕದೆ ಬಂದಿದ್ದಾರೆ, ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹಾಳೆ ಕಳೆದುಹೋಯಿತು ಅನ್ನಬಹುದಿತ್ತು. ಅದೂ ಹೊಳೆಯಲಿಲ್ಲ. ನನ್ನ ಮನಸ್ಸಿನಲ್ಲಿ ಓಡುತ್ತಿದ್ದದ್ದು, ಕಳಿಸಬೇಕಾದವರ ಲೆಕ್ಕದಲ್ಲಿ ಎಚ್‌ಆರಿನವರೂ ಇದ್ದಾರೋ ಏನೋ ಎಂಬುದು. ಮಧ್ಯಾಹ್ನದೊಳಗೆ ಪಟ್ಟಿ ಕಳಿಸಿದೆ. ಹನ್ನೊಂದು ಹೆಸರಿದ್ದವು. ಅಣ್ಣನದು ಮೇಲಿನಿಂದ ನಾಲ್ಕನೆಯದು.

ಒಬ್ಬೊಬ್ಬರನ್ನೇ ಸಣ್ಣ ಮೀಟಿಂಗ್ ರೂಮಿಗೆ ಕರೆಸಿದರು. ರಾಜೀನಾಮೆ ಪತ್ರವನ್ನು ಮೊದಲೇ ಟೈಪ್ ಮಾಡಿಸಿಟ್ಟಿದ್ದರು, ಸಹಿ ಮಾತ್ರ ಬಾಕಿ. ತೆಗೆದುಹಾಕಿದರೆ ಕಾರಣ ತೋರಿಸಬೇಕು, ಅವರಾಗಿ ಬಿಟ್ಟರೆ ಏನೂ ತೋರಿಸಬೇಕಾಗಿಲ್ಲ. ನಾನು ಬಾಸಿನ ಪಕ್ಕ ಕೂತು ಸಹಿ ಎಲ್ಲಿ ಎಂದು ಬೆರಳಿಟ್ಟು ತೋರಿಸಬೇಕಿತ್ತು.

ಅಣ್ಣ ಒಳಗೆ ಬಂದಾಗ ಕೈಯಲ್ಲಿ ಒಂದು ಆಸ್ಪತ್ರೆ ಚೀಟಿ ಇತ್ತು. ಶಿಫ್ಟಿನ ವಿಷಯಕ್ಕೇ ಕರೆದಿದ್ದಾರೆ ಅಂದುಕೊಂಡಿದ್ದರು. ನನ್ನ ಮುಖ ನೋಡಿ ಸಣ್ಣಗೆ ನಕ್ಕರು, ನಿಮ್ಮಿಂದ ಕೆಲಸ ಆಯ್ತಲ್ಲ ಅನ್ನುವ ಹಾಗೆ. ಬಾಸ್ ಹಿಂದಿಯಲ್ಲಿ ಶುರು ಮಾಡಿದರು, ಕಂಪನಿಯ ಪರಿಸ್ಥಿತಿ, ನಿಮ್ಮ ಸೇವೆಗೆ ಕೃತಜ್ಞತೆ, ನಿಮಗೂ ಹೊರಗೆ ಹೋಗುವ ಮನಸ್ಸಿದೆ ಎಂದು ತಿಳಿದಿದೆ. ಆ ಮಾತಿಗೆ ಅಣ್ಣ ಪತ್ರದಿಂದ ತಲೆ ಎತ್ತಿದರು. ಬಾಸ್ ಕಡೆ ತಿರುಗಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

"ನಾನು ಹೋಗ್ತೇನೆ ಅಂದದ್ದು ಹೋಗ್ಲಿಕ್ಕಲ್ಲ ಮೇಡಂ."

"ಅಣ್ಣ..."

"ಹಾಗೆ ಹೇಳಿದ್ರೆ ನಾಳೆ ಬರ್ಲಿಕ್ಕೆ ಆಗ್ತದೆ. ಅದಕ್ಕೆ ಹೇಳುವುದು. ನಿಮಗೆ ಗೊತ್ತುಂಟಲ್ಲ?"

ಬಾಸ್ ನನ್ನ ಕಡೆ ನೋಡಿ, ಏನಂದರು, ಎಂದು ಕೇಳಿದರು. ಅವರಿಗೆ ಸ್ವಲ್ಪ ಸಮಯ ಬೇಕಂತೆ, ಅಂದೆ. ಅಷ್ಟನ್ನೇ ಹಿಂದಿಗೆ ತಿರುಗಿಸಿದೆ. ಅವರು ಹೇಳಿದ್ದನ್ನು ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಅವರ ಮಾತು ಆ ಕೋಣೆಯಲ್ಲಿ ಒಂದು ಸಲವಾದರೂ ಬಿದ್ದಿರುತ್ತಿತ್ತು.

ಒಂದು ಗಂಟೆ ಸಮಯ ಕೊಟ್ಟರು. ಅಣ್ಣ ತಮ್ಮ ಮೇಜಿಗೆ ಹೋಗಿ, ಕೈಯಲ್ಲಿದ್ದ ಚೀಟಿಯ ಕೇಸ್ ಮುಗಿಸಿ, ಬಂದು ಸಹಿ ಹಾಕಿದರು. ದುಂಡಗಿನ ಅಕ್ಷರದ ಮನುಷ್ಯನಿಗೆ ಸಹಿ ಗೆರೆಯ ಮೇಲೆ ನಿಲ್ಲಲಿಲ್ಲ, ಕೆಳಗೆ ಜಾರಿತು. ಬ್ಯಾಡ್ಜನ್ನು ಕತ್ತಿನಿಂದ ತೆಗೆದು ನನ್ನ ಮುಂದಿಟ್ಟರು. ಹುಡುಗಿಯರು ಅವರ ಮೇಜಿನ ಸುತ್ತ ಸೇರಿದ್ದರು, ಒಬ್ಬಳು ಅಳುತ್ತಿದ್ದಳು. ನಾನು ಟಾಯ್ಲೆಟ್ಟಿಗೆ ಹೋಗಿ, ಅವರು ಲಿಫ್ಟ್ ಇಳಿಯುವವರೆಗೆ ಅಲ್ಲೇ ನಿಂತಿದ್ದೆ.

ಆ ತಿಂಗಳ ಚಾರ್ಟಿನಲ್ಲಿ ಹನ್ನೊಂದು ಜನ ಸ್ವಯಂ ರಾಜೀನಾಮೆಯ ಸಾಲಿನಲ್ಲಿ ಬಂದರು. ಬಿಡುವ ಯೋಚನೆ ಇದ್ದವರು, ಬಿಟ್ಟವರು, ಎರಡೂ ಲೆಕ್ಕ ಮೊದಲ ಬಾರಿಗೆ ತಾಳೆಯಾದವು. ಹೆಡ್ ಆಫೀಸಿನವರು ಫಾರ್ಮು ಚೆನ್ನಾಗಿದೆ, ಬೇರೆ ಶಾಖೆಗಳಿಗೂ ಕಳಿಸಿ ಎಂದರು. ಕಳಿಸಿದೆ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗಂಡ ಬ್ಯಾಂಕಿನಲ್ಲಿದ್ದಾರೆ, ಜನರನ್ನು ತೆಗೆಯುವುದು ಎಲ್ಲ ಕಡೆ ಇದೆ ಅನ್ನುತ್ತಿದ್ದರು, ಅದು ನಿಜವೂ ಹೌದು. ಆ ನಿಜ ಕೇಳಿ ಸಮಾಧಾನವಾಗಿಬಿಟ್ಟರೆ ಎಂದು ನನಗೆ ಭಯ. ದಿನಾ ಡೊಂಬಿವಲಿಯಲ್ಲಿ ಲೇಡೀಸ್ ಡಬ್ಬಿ ಹತ್ತುತ್ತಿದ್ದೆ, ಠಾಣೆಯಲ್ಲಿ ಇಳಿಯುತ್ತಿದ್ದೆ. ಘಣಸೋಲಿಯಿಂದ ಒಬ್ಬಳೇ ನಡೆಯುವಾಗ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದನ್ನು ಕಲಿತೆ.

ಅಣ್ಣ ಎಲ್ಲಿದ್ದಾರೆ ಎಂದು ಗೊತ್ತಾಗಿದ್ದು ಎಂಟು ತಿಂಗಳ ನಂತರ. ನಾಲ್ಕಾರು ಕಡೆ ಇಂಟರ್‌ವ್ಯೂಗೆ ಹೋಗಿದ್ದರಂತೆ, ಎಲ್ಲರೂ ವಯಸ್ಸು ಕೇಳಿದರಂತೆ. ಈಗ ಕಲ್ಯಾಣ ಸ್ಟೇಷನ್ ಹತ್ತಿರ ಅವರ ದೂರದ ನೆಂಟರೊಬ್ಬರ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಾರೆ ಎಂದು ಹಳೆಯ ಟೀಮಿನ ಒಬ್ಬಳು ಹೇಳಿದಳು. ಒಂದು ಭಾನುವಾರ ಮಧ್ಯಾಹ್ನ ಹೋದೆ.

ನನ್ನನ್ನು ನೋಡಿ ಎದ್ದು ನಿಂತರು. "ಬನ್ನಿ ಬನ್ನಿ ಮೇಡಂ, ಎಷ್ಟು ಸಮಯ ಆಯ್ತು!" ಮೂಲೆಯ ಟೇಬಲ್ ಒರೆಸಿಸಿ, ಗಲ್ಲಾಕ್ಕೆ ಇನ್ನೊಬ್ಬರನ್ನು ಕೂರಿಸಿ, ಎದುರು ಬಂದು ಕೂತರು. ನೀರುದೋಸೆ, ಕಾಫಿ ತರಿಸಿದರು. ಮಗಳ ಓದು ಕೇಳಿದರು, ಗಾಡಿಯ ರಶ್ ಕೇಳಿದರು. ಹೆಂಡತಿಯ ಕೈ ಹೇಗಿದೆ ಅಂದೆ. "ಹಾಗೇ ಉಂಟು. ಈಗ ಬೆಳಿಗ್ಗೆ ಹೋಟೆಲ್ ತೆಗೀಲಿಕ್ಕೆ ನಾನೇ ಇರಬೇಕು, ಪಕ್ಕದ ಮನೆಯವರು ನೋಡ್ತಾರೆ," ಅಂದರು. ತುಂಬ ಸೊರಗಿದ್ದರು. ಅಂಗಿಯ ಕಾಲರಿನೊಳಗೆ ಕತ್ತು ಸಣ್ಣದಾಗಿ ಕಾಣುತ್ತಿತ್ತು.

"ನನ್ನ ಗ್ರಹಚಾರ ಮೇಡಂ. ವಯಸ್ಸಾಯ್ತು, ಸಂಬಳ ಜಾಸ್ತಿ ಇತ್ತು, ತೆಗೆದ್ರು. ನೀವಾದ್ರೂ ಎಂತ ಮಾಡ್ತೀರಿ? ನಿಮ್ಮ ಮುಖ ಆವತ್ತು ನೋಡಿದ್ದೇನಲ್ಲ."

ಅಲ್ಲಿಗೆ ಬಿಟ್ಟು ಎದ್ದು ಬರಬಹುದಿತ್ತು. ಆದರೆ ಆ ಒಳ್ಳೆಯ ಮಾತನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ವಯಸ್ಸಿಗಲ್ಲ ಅಣ್ಣ," ಅಂದೆ. "ಆ ಫಾರ್ಮು. ನೀವು ಐದು ಹಾಕಿದ್ರಲ್ಲ. ಐದು ಹಾಕಿದವರ ಹೆಸರು ಕೇಳಿದರು. ನಾನು ಕೊಟ್ಟೆ."

ಅವರು ಮೇಜಿನ ಮೇಲಿದ್ದ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದರು. ಪಕ್ಕದ ಟೇಬಲಿನವರು ಬಿಲ್ಲು ಕೇಳಿದರು, ಅವರಿಗೆ ಗಲ್ಲಾದ ಕಡೆ ಕೈ ತೋರಿಸಿದರು.

"ಮೂರು ಹಾಕಿದವರೆಲ್ಲ ಇದ್ದಾರಾ?" ಎಂದು ಕೊನೆಗೆ ಕೇಳಿದರು.

"ಇದ್ದಾರೆ."

"ಇದನ್ನು ನನಗೆ ಈಗ ಯಾಕೆ ಹೇಳಿದ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಸುಸ್ತಾದವರು ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿದ ಹಾಗೆ ಕೇಳಿದರು. ನನಗೆ ಉತ್ತರ ಗೊತ್ತಿತ್ತು. ನನ್ನ ಎದೆ ಹಗುರ ಮಾಡಿಕೊಳ್ಳಲು ಹೇಳಿದೆ. ಅದನ್ನು ಅವರ ಮುಂದೆ ಹೇಳುವ ಧೈರ್ಯ ಬರಲಿಲ್ಲ. ಗ್ರಹಚಾರ ಎಂದುಕೊಂಡು ಎಂಟು ತಿಂಗಳು ಹೇಗೋ ಹೊಂದಿಸಿಕೊಂಡಿದ್ದರು. ಅದನ್ನೂ ನಾನು ಬಂದು ಕಿತ್ತುಕೊಂಡೆ. ಇನ್ನು ಮೇಲೆ ನನ್ನ ಮೇಜು, ನನ್ನ ಪೆನ್ನು, ಬರೀರಿ ಅಂದ ನನ್ನ ದನಿ, ಎಲ್ಲ ಅವರ ತಲೆಯಲ್ಲಿ ತಿರುಗುತ್ತಿರುತ್ತದೆ.

"ಕಾಫಿ ತಣ್ಣಗಾಯ್ತು, ಬೇರೆ ತರಿಸ್ತೇನೆ," ಎಂದು ಎದ್ದರು. ಕಾಫಿಯನ್ನು ಬೇರೆ ಯಾರೋ ತಂದಿಟ್ಟರು. ಅವರು ಗಲ್ಲಾಕ್ಕೆ ಹೋಗಿ ಕೂತವರು ತಿರುಗಿ ಬರಲಿಲ್ಲ. ನಾನು ಹೊರಡುವಾಗ ಒಬ್ಬ ಗಿರಾಕಿಯ ಜೊತೆ ಮಾತಾಡುತ್ತಿದ್ದರು, ನನ್ನ ಕಡೆ ನೋಡದೆ ತಲೆ ಆಡಿಸಿದರು. ಆಮೇಲೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮೂರನೇ ಸಲ ಮಾಡುವುದು ನನ್ನ ಹಗುರಕ್ಕೇ ಅನ್ನಿಸಿ ಬಿಟ್ಟುಬಿಟ್ಟೆ.

ಕಲ್ಯಾಣದಿಂದ ಬಂದ ಸಂಜೆ ಗಂಡನಿಗೆ ಎಲ್ಲ ಹೇಳಿ, ಕೆಲಸ ಬಿಡುತ್ತೇನೆ ಅಂದೆ. ಬಿಡು ಅಂದರು. ಅವರು ಬೇಡ ಅನ್ನುತ್ತಾರೆ ಎಂದು ಎಣಿಸಿದ್ದೆ, ಅನ್ನಲಿಲ್ಲ. ಮರುದಿನ ಬಾಸಿಗೂ ಹೇಳಿದೆ. ಯಾವಾಗಿನಿಂದ, ಎಂದು ಡೈರಿ ತೆಗೆದರು. ಗಣಪತಿ ಹಬ್ಬ ಮುಗಿಯಲಿ ಅಂದೆ. ಹಬ್ಬ ಮುಗಿಯಿತು. ದೀಪಾವಳಿ ಆಗಲಿ ಅಂದುಕೊಂಡೆ, ಆಮೇಲೆ ಮಗಳ ಪರೀಕ್ಷೆ. ಬಾಸ್ ಒಮ್ಮೆಯೂ ನೆನಪಿಸಲಿಲ್ಲ. ನಾನೂ ಎತ್ತಲಿಲ್ಲ. ನನ್ನನ್ನು ಯಾರೂ ಹಿಡಿದುಕೊಂಡಿರಲಿಲ್ಲ. ನೂರಾರು ಜನರ ಹತ್ತಿರ ಏನು ತೊಂದರೆ, ಯಾಕೆ ಬಿಡುತ್ತೀರಿ ಎಂದು ಕೇಳಿದವಳು ನಾನು. ಯಾಕೆ ಬಿಡುತ್ತಿಲ್ಲ ಎಂದು ನನ್ನನ್ನು ಕೇಳಿದ್ದರೆ ಹೇಳಲು ಒಂದು ಕಾರಣವೂ ಇರಲಿಲ್ಲ.

ಮಾಡಿದ್ದು ಒಂದೇ ಕೆಲಸ. ಮುಂದಿನ ವರ್ಷ ಫಾರ್ಮುಗಳು ತಿರುಗಿ ಬಂದಾಗ, ಯಾವ ನಂಬರು ಯಾರದ್ದು ಎಂಬ ಹಾಳೆಯನ್ನು ಹರಿದು ಹಾಕಿದೆ. ಕಂಪ್ಯೂಟರಿನಲ್ಲಿದ್ದದ್ದನ್ನೂ ಅಳಿಸಿದೆ. ಅದರ ಅಗತ್ಯವೇ ಇರಲಿಲ್ಲ. ಹನ್ನೊಂದು ಜನ ಹೋದ ಕಥೆ ಎಲ್ಲರಿಗೂ ತಿಳಿದಿತ್ತು. ಬಂದ ಫಾರ್ಮುಗಳಲ್ಲಿ ಎಲ್ಲರೂ ಒಂದು ಹಾಕಿದ್ದರು, ಬಿಡುವ ಯೋಚನೆಯೇ ಇಲ್ಲ. ಕಾರಣದ ಜಾಗ ಖಾಲಿ. ಲಿಫ್ಟಿನಲ್ಲಿ, ಕ್ಯಾಂಟೀನಿನಲ್ಲಿ ನಾನು ಬಂದರೆ ಮಾತು ನಿಲ್ಲುತ್ತಿತ್ತು. ಆದರೂ ಜನ ಹೋಗುತ್ತಲೇ ಇದ್ದರು, ಯಾರಿಗೂ ಹೇಳದೆ, ಶುಕ್ರವಾರ ಸಂಜೆ ಒಂದು ಮೇಲ್ ಹಾಕಿ.

ಬಾಸ್ ಕೂಡ ಹಾಗೇ ಹೋದರು. ಬೇರೆ ಕಂಪನಿ, ದೊಡ್ಡ ಹುದ್ದೆ. ಕೇಕ್ ಕತ್ತರಿಸಿದರು. ನಿಮ್ಮ ಸಹಕಾರ ಮರೆಯಲ್ಲ ಎಂದು ನನ್ನ ಕೈ ಕುಲುಕಿದರು.

ಹೊಸದಾಗಿ ಬಂದವರು ಮೊದಲನೇ ವಾರವೇ ನನ್ನನ್ನು ಕರೆದು, ಬಿಡುವವರ ಪಟ್ಟಿಯೊಂದು ಇತ್ತಂತಲ್ಲ, ಎಂದರು. ಹೆಸರುಗಳನ್ನು ನಾನು ಇಟ್ಟುಕೊಂಡಿಲ್ಲ, ಇನ್ನು ಇಡುವುದೂ ಇಲ್ಲ, ಅಂದೆ. ಎಷ್ಟೋ ವರ್ಷದಲ್ಲಿ ಮೊದಲ ಸಲ ಅಂಥ ಮಾತು ಆಡಿದ್ದೆ.

ಅವರಿಗೆ ಬೇಜಾರಾಗಲಿಲ್ಲ. "ನೀವು ಇಡೋದೇ ಬೇಡ," ಎಂದು ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಯಾರು ಎಷ್ಟು ಹೊತ್ತಿಗೆ ಬ್ಯಾಡ್ಜ್ ಒತ್ತಿದರು, ಯಾರ ರಜೆ ಹೆಚ್ಚಾಯಿತು, ಯಾರು ಮೇಲ್‌ಗೆ ತಡವಾಗಿ ಉತ್ತರಿಸುತ್ತಾರೆ, ಎಲ್ಲ ಸೇರಿ ಹೊಸ ಸಾಫ್ಟ್‌ವೇರ್ ತಾನೇ ಬಿಡುವವರ ಹೆಸರು ಕೊಡುತ್ತದಂತೆ. ಯಾರನ್ನೂ ಏನೂ ಕೇಳಬೇಕಾಗಿಲ್ಲ. ನನ್ನ ಸಹಾಯಕ್ಕೆ ಸೇರಿದ ಹೊಸ ಹುಡುಗಿಗೆ ಅದನ್ನು ಓದುವುದು ಹೇಗೆ ಎಂದು ತೋರಿಸಿಕೊಡಿ, ನಿಮಗೆ ಅನುಭವ ಇದೆ, ಎಂದರು.

ಊಟವಾದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿಕೊಟ್ಟೆ.